ಪುಷ್ಯ ಮಳೆಯ ಗಡುವು

ಜುಲೈ ಕೊನೆಯ ವಾರ. ಬಿಡದೆ ಜಿಟಿಜಿಟಿ ಹಿಡಿದಿದ್ದ ಪುಷ್ಯ ಮಳೆ ಈಗಷ್ಟೇ ಹೊಳವಾಗಿದೆ. ಕುಂದಗೋಳ ತಾಲ್ಲೂಕಿನ ಕುಬಿಹಾಳದ ಸುತ್ತಲಿನ ಎರೆ ಹೊಲಗಳು ನೆನೆದು ಇನ್ನಷ್ಟು ಕಪ್ಪಾಗಿವೆ. ಹೆಸರಿಗೆ ಕಾಯಿ ಕೂತಿದೆ. ಶೇಂಗಾದ ಬುಡದಲ್ಲಿ ಹಳದಿ ಹೂ. ಮೆಣಸಿನ ಸಾಲಿನ ನಡುವೆ ಹತ್ತಿ, ಅವೆರಡರ ನಡುವೆ ಉಳ್ಳಾಗಡ್ಡಿ. ಒಂದೇ ಹೊಲದಲ್ಲಿ ಮೂರು ಬೆಳೆ ನಂಬಿ ಬದುಕುವುದು ಈ ಸೀಮೆಯ ಹಳೆಯ ರೂಢಿ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕ. ಹೊಲಕ್ಕೆ ಕಾಲಿಡುವಂತಿಲ್ಲ, ಇಟ್ಟರೆ ಮಣ್ಣು ಚಪ್ಪಲಿಯನ್ನು ಬಿಟ್ಟುಕೊಡುವುದಿಲ್ಲ. ಎಡೆ ಹೊಡೆಯಬೇಕಾದರೆ ಇನ್ನೆರಡು ದಿನ ಬಿಸಿಲು ಬೀಳಬೇಕು. ಎತ್ತುಗಳು ಗ್ವಾದಲಿಯಲ್ಲಿ, ಗಂಡಸರು ಗುಡಿಯ ಕಟ್ಟೆಯ ಮೇಲೆ. ಹೆಂಗಸರಿಗೆ ಮಾತ್ರ ಬಿಡುವಿಲ್ಲ. ಪಂಚಮಿ ಹತ್ತಿರ ಬಂದಿದೆ, ಉಂಡಿಗೆ ಶೇಂಗಾ ಹುರಿಯುವ ವಾಸನೆ ಓಣಿಗೆಲ್ಲ ಹಬ್ಬಿದೆ.

ಆ ಹೊತ್ತಿಗೆ ಬೆಳೆ ವಿಮೆಯ ಪ್ರಚಾರ ವಾಹನ ಊರೊಳಗೆ ಬರುತ್ತದೆ. ಮೂರೂ ಬದಿಗೆ ಬ್ಯಾನರ್ ಬಿಗಿದ ಸಣ್ಣ ಗಾಡಿ, ತಲೆಯ ಮೇಲೊಂದು ಮೈಕು. ಮುದ್ರಿಸಿಟ್ಟ ದನಿ ಒಂದೇ ಉಸಿರಿಗೆ ಹೇಳಿಕೊಂಡು ಹೋಗುತ್ತದೆ: ಅಧಿಸೂಚಿತ ಬೆಳೆಗಳು, ವಿಮಾ ಘಟಕ, ಪ್ರೀಮಿಯಂ ದರ, ನೋಂದಣಿಗೆ ಕೊನೆಯ ದಿನಾಂಕ, ಹೆಚ್ಚಿನ ಮಾಹಿತಿಗಾಗಿ ರೈತ ಸಂಪರ್ಕ ಕೇಂದ್ರ. ಗಾಡಿ ಕಟ್ಟೆಯ ಮುಂದೆ ತುಸು ನಿಧಾನವಾಗುತ್ತದೆ, ಅಗಸಿಯ ಕಡೆ ತಿರುಗುತ್ತದೆ, ಮುಂದಿನ ಊರಿನ ಹಾದಿ ಹಿಡಿಯುತ್ತದೆ. ಹುಡುಗರು ಹಿಂದೆ ಓಡಿ ಕೈಚೀಟಿ ತರುತ್ತಾರೆ. ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಪಕ್ಕದ ಹುಡುಗನಿಗೆ ಕೊಡುತ್ತಾರೆ.

“ಓದಪಾ ತಮ್ಮಾ, ಎಂದ ಐತಿ ಕಡೀ ದಿನಾ?”

“ಮೂವತ್ತೊಂದಕ್ಕ ಐತಿ ಕಾಕಾ. ಹೆಸರಿಂದು ಆಗಲೇ ಮುಗದೈತಿ.”

“ಹೆಸರಿಂದು ಮುಗಿದ ಮ್ಯಾಲ ಬಂದು ಹೇಳ್ತಾರಲ್ಲೋ!”

ಕಾಕಾನ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಇದ್ದದ್ದು ರೂಢಿಯಾದ ದಣಿವು. ಗಡುವು ಬೆಳೆಗೊಂದು ಇರುತ್ತದೆ. ಬೇಗ ಬರುವ ಹೆಸರಿಗೆ ಬೇಗ, ಶೇಂಗಾ, ಹತ್ತಿ, ಮೆಣಸಿನಕಾಯಿಯಂಥವಕ್ಕೆ ಸಾಮಾನ್ಯವಾಗಿ ಜುಲೈ 31ರ ಆಸುಪಾಸು. ಕಚೇರಿಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅದು ಒಂದು ತಾರೀಖು. ಕುಬಿಹಾಳದಲ್ಲಿ ಅದು ಪುಷ್ಯ ಮಳೆಯ ಕೊನೆಯ ಪಾದ. ಇಲ್ಲಿ ದಿನ ಎಣಿಸುವುದು ರೋಹಿಣಿಯಿಂದ, ಮಿರಗದಿಂದ, ಆರಿದ್ರದಿಂದ. ಯಾರ ಮನೆಯ ಮದುವೆ ಯಾವ ತಾರೀಖಿಗಾಯಿತು ಎಂಬುದು ಮರೆತೀತು, ಯಾವ ಮಳೆಯಲ್ಲಿ ಬಿತ್ತಿದೆವು ಎಂಬುದು ಮರೆಯುವುದಿಲ್ಲ. ಸರ್ಕಾರದ ಯೋಜನೆಗಳ ಸುದ್ದಿ ಈ ಎಣಿಕೆಯೊಳಗೆ ಬಂದು ಕೂರದಿದ್ದರೆ ಎಷ್ಟು ಗಾಡಿ ತಿರುಗಿದರೂ ಅದು ಊರಿನ ಮೇಲಿಂದ ಹಾದುಹೋಗುತ್ತದೆ, ಊರೊಳಗೆ ಇಳಿಯುವುದಿಲ್ಲ.

ಗಾಡಿ ಹೋದ ಮೇಲೆಯೇ ಕಟ್ಟೆಯ ಮೇಲೆ ನಿಜವಾದ ಮಾತು ಶುರುವಾಗುತ್ತದೆ. “ಹ್ವಾದ ವರ್ಷ ತುಂಬಿದ್ದೆ, ಒಂದು ಪೈಸಾ ಬರ್ಲಿಲ್ಲ” ಎನ್ನುವವನೊಬ್ಬ. “ನಮ್ಮ ತಮ್ಮಗ ಬಂತು, ನನಗ ಬರ್ಲಿಲ್ಲ, ಇಬ್ಬರ ಹೊಲಾ ಬಾಂದಿಗೆ ಬಾಂದು ಹತ್ತೇತಿ” ಎನ್ನುವವನೊಬ್ಬ. ಈ ಎರಡು ಮಾತಿಗೆ ಉತ್ತರ ಸಿಗದೆ ಇರುವುದರಿಂದಲೇ ಎಷ್ಟೋ ಜನ ಮೂರನೆಯ ವರ್ಷಕ್ಕೆ ವಿಮೆಯ ಹೆಸರೆತ್ತುವುದಿಲ್ಲ. ಉತ್ತರ ಇಲ್ಲವೆಂದಲ್ಲ. ಅದನ್ನು ಮೈಕಿನಲ್ಲಿ ಹೇಳಲಾಗದು. ಪಕ್ಕದಲ್ಲಿ ಕುಳಿತು, ನೆಲದ ಮೇಲೆ ಗೆರೆ ಎಳೆದು ಹೇಳಬೇಕು.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ನಡೆದಿದೆ. ನೂರು ರೂಪಾಯಿಯ ವಿಮೆಗೆ ಮುಂಗಾರಿಯ ಕಾಳು, ಎಣ್ಣೆಕಾಳಿಗೆ ರೈತ ತುಂಬುವುದು 2 ರೂಪಾಯಿ. ಹಿಂಗಾರಿಯ ಕಡಲೆ, ಜೋಳಕ್ಕೆ ಒಂದೂವರೆ. ಹತ್ತಿಯಂಥ ವಾಣಿಜ್ಯ ಬೆಳೆಗೂ ತೋಟಗಾರಿಕೆ ಬೆಳೆಗೂ 5. ಉಳಿದ ಕಂತನ್ನು ಕೇಂದ್ರವೂ ರಾಜ್ಯವೂ ಹಂಚಿಕೊಂಡು ತುಂಬುತ್ತವೆ. ಮೊದಲು ಬೆಳೆಸಾಲ ತೆಗೆದವರಿಗೆ ಬ್ಯಾಂಕಿನವರೇ ಕಂತು ಮುರಿದುಕೊಳ್ಳುತ್ತಿದ್ದರು. 2020ರ ಮುಂಗಾರಿನಿಂದ ಅದು ಕಡ್ಡಾಯವಲ್ಲ, ರೈತ ಬೇಡವೆಂದು ಬರೆದುಕೊಡಬಹುದು. ಇಷ್ಟು ಮಾತ್ರ ಕೈಚೀಟಿಯಲ್ಲಿ ಇರುತ್ತದೆ.

ಅದರಲ್ಲಿ ಇಲ್ಲದ್ದು ಬೇರೆ. ವಿಮೆ ಲೆಕ್ಕ ಹಾಕುವುದು ನಿಮ್ಮ ಹೊಲದ ಫಸಲನ್ನಲ್ಲ, ಪಂಚಾಯಿತಿಯ ಫಸಲನ್ನು. ಮುಖ್ಯ ಬೆಳೆಯಾದರೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಕಡೆ ಕೊಯ್ಲಿನ ಪ್ರಯೋಗ ನಡೆಯುತ್ತದೆ. ಯಾವ ಸರ್ವೆ ನಂಬರು ಎಂಬುದನ್ನು ಊರವರು ಆರಿಸುವುದಿಲ್ಲ, ಅಧಿಕಾರಿಯೂ ಆರಿಸುವುದಿಲ್ಲ. ಪಟ್ಟಿಯಲ್ಲಿ ಎದ್ದ ನಂಬರಿಗೆ ಹೋಗಬೇಕು. ಹಗ್ಗ ಹಿಡಿದು ಅಳೆದ ಆ ತುಂಡಿನಲ್ಲಿ ಬಂದ ಕಾಳನ್ನು ಒಕ್ಕಿ, ತೂಗಿ ಬರೆದುಕೊಳ್ಳುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷದ ಸರಾಸರಿಯ ಮೇಲೆ ಒಂದು ಮಟ್ಟ ಕಟ್ಟಿರುತ್ತಾರೆ. ಈ ವರ್ಷದ ಇಳುವರಿ ಆ ಮಟ್ಟಕ್ಕಿಂತ ಎಷ್ಟು ಕೆಳಗಿಳಿಯಿತೋ ಅಷ್ಟರ ಪ್ರಮಾಣದಲ್ಲಿ ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಹಾಗಾದರೆ ಅಣ್ಣನ ಹೊಲ ಒಣಗಿ, ಊರಿನ ಉಳಿದ ಹೊಲ ಹಸಿರಾಗಿದ್ದರೆ ಅಣ್ಣನಿಗೆ ಏನೂ ಬರುವುದಿಲ್ಲ; ತಮ್ಮ ಬೇರೆ ಬೆಳೆಗೆ ವಿಮೆ ಮಾಡಿಸಿದ್ದರೆ ಅವನಿಗೆ ಬರಬಹುದು. ಇದು ಸರಿಯೋ ತಪ್ಪೋ, ಗೊತ್ತಿದ್ದು ಕಂತು ತುಂಬುವುದು ಬೇರೆ, ಗೊತ್ತಿಲ್ಲದೆ ತುಂಬಿ ಮೋಸಹೋದೆ ಎಂದು ಕೊರಗುವುದು ಬೇರೆ. ಹಗ್ಗ ಹಿಡಿಯುವ ದಿನ ಊರವರು ಹೊಲಕ್ಕೆ ಹೋಗಿ ನಿಲ್ಲಬಹುದು, ತೂಕ ನೋಡಬಹುದು ಎಂಬುದೂ ಹೆಚ್ಚು ಜನರಿಗೆ ತಿಳಿದಿಲ್ಲ.

ಒಂಟಿ ಹೊಲಕ್ಕೂ ಪರಿಹಾರವಿದೆ. ಆಲಿಕಲ್ಲು ಬಿದ್ದರೆ, ಬೆಣ್ಣಿಹಳ್ಳದಂಥ ಹಳ್ಳ ಉಕ್ಕಿ ಹೊಲದಲ್ಲಿ ನೀರು ನಿಂತರೆ, ಕೊಯ್ದು ಒಣಹಾಕಿದ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ ಆ ರೈತ 72 ಗಂಟೆಯೊಳಗೆ ತಿಳಿಸಬೇಕು. ಮಳೆ ಹೊಡೆದ ಮೊದಲ ದಿನ ರೈತ ತಲೆ ಮೇಲೆ ಕೈಹೊತ್ತು ಕೂರುತ್ತಾನೆ. ಎರಡನೆಯ ದಿನ ಉಳಿದದ್ದನ್ನು ಬಾಚಿಕೊಳ್ಳಲು ಹೋಗುತ್ತಾನೆ. ಮೂರನೆಯ ದಿನ ಯಾರೋ ನೆನಪಿಸಿದಾಗ ಕರೆಂಟು ಇರುವುದಿಲ್ಲ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಗಂಟೆಯ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಬೆಳೆಸಮೇತ ಹೋದ ರೊಕ್ಕದ ಕಥೆಯನ್ನು ನಾನು ಈ ಸೀಮೆಯ ಬಹಳ ಮನೆಗಳಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುವುದು ಹೋದ ಬೆಳೆಗಲ್ಲ. ಅದು ಆಕಾಶದ ಕೈಯಲ್ಲಿತ್ತು. ಒಂದು ಫೋನು ಮಾಡಬೇಕೆಂದು ಮೊದಲೇ ಯಾರಾದರೂ ಹೇಳಿದ್ದರೆ ರೊಕ್ಕವಾದರೂ ಉಳಿಯುತ್ತಿತ್ತಲ್ಲ, ಅದಕ್ಕೆ.

ಇನ್ನೊಂದು ತೊಡಕು ಈ ಊರಿನ ಅದೇ ಹಳೆಯ ರೂಢಿಯಿಂದ ಹುಟ್ಟಿದ್ದು. ಮೂರು ಬೆಳೆ ಬಿತ್ತಿದ ಹೊಲವನ್ನು ಬೆಳೆ ಸಮೀಕ್ಷೆಯ ಹುಡುಗ ಮೊಬೈಲಿನಲ್ಲಿ ಚಿತ್ರ ಹಿಡಿದು ‘ಹತ್ತಿ’ ಎಂದು ಹಾಕಿಕೊಂಡ ಎನ್ನಿ. ರೈತ ವಿಮೆ ಮಾಡಿಸಿದ್ದು ಮೆಣಸಿನಕಾಯಿಗೆ. ಎರಡೂ ತಾಳೆಯಾಗುವುದಿಲ್ಲ, ಅರ್ಜಿ ನಿಂತುಹೋಗುತ್ತದೆ. 2020ರಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಬೆಳೆಯ ಚಿತ್ರ ತೆಗೆದು ಏರಿಸಲಿ ಎಂದು ಆ್ಯಪ್ ಕೊಟ್ಟಿತು. ತಪ್ಪಾಗಿದ್ದರೆ ‘ಬೆಳೆ ದರ್ಶಕ’ ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಹಾಕಲು ದಾರಿಯಿದೆ. ಮಿಶ್ರ ಬೆಳೆಯನ್ನು ಮಿಶ್ರವೆಂದೇ ಬರೆಸಬಹುದು. ಕಟ್ಟೆಯ ಮೇಲಿದ್ದ ಹುಡುಗರ ಕೈಯಲ್ಲೆಲ್ಲ ಮೊಬೈಲು. ಅದರಲ್ಲಿ ಈ ಒಂದು ಚೌಕ ಹುಡುಕಿ ಒತ್ತಿ ಎಂದು ಅವರಿಗೆ ತೋರಿಸಿಕೊಡುವವರು ಬೇಕು. ಓದು ಬರಹ ಕಲಿತ ಮಕ್ಕಳು ಮನೆಗೊಬ್ಬರಾದರೂ ಇರುವ ಕಾಲವಿದು. ಅಪ್ಪನ ಸರ್ವೆ ನಂಬರು ಗೊತ್ತಿರುವ ಮಕ್ಕಳು ಕಡಿಮೆ.

ಸುದ್ದಿ ಊರಿಗೆ ಬರುವ ದಾರಿ ಹಿಂದೆಯೂ ಇತ್ತು. ಕುಂದಗೋಳ ಸ್ವಾತಂತ್ರ್ಯ ಬರುವವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ದೂರದ ಜಮಖಂಡಿಯ ಹುಕುಂ ಈ ಸೀಮೆಯ ಚಾವಡಿಗಳಿಗೆ ಬಂದು, ವಾಲೀಕಾರನ ಹಲಗೆಯ ಸದ್ದಿನೊಂದಿಗೆ ಓಣಿ ಓಣಿಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಡಂಗುರದ ಮಾತು ನಾಲ್ಕೇ ಇರುತ್ತಿತ್ತು: ಏನು, ಯಾವಾಗ, ಎಲ್ಲಿ, ತಪ್ಪಿದರೆ ಏನು. ವಾಲೀಕಾರ ಆ ಊರವನೇ. ಕೇಳಿಸದವರ ಬಾಗಿಲಿಗೆ ನಿಂತು ಮತ್ತೊಮ್ಮೆ ಹೇಳುತ್ತಿದ್ದ. ಆದರೆ ಆ ಹಲಗೆಯ ಸದ್ದಿಗೆ ಎದೆ ಝಲ್ಲೆನ್ನುತ್ತಿದ್ದುದೂ ಉಂಟು. ಯಾಕೆಂದರೆ ಬಹುಪಾಲು ಅದು ಕಂದಾಯದ ಸದ್ದು.

ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಇದೇ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ 1980ರ ಜುಲೈ 21ರಂದು ನಡೆದದ್ದನ್ನು ಹಿರಿಯರು ಮರೆತಿಲ್ಲ. ಮಲಪ್ರಭೆಯ ಕಾಲುವೆ ನೀರಿನ ಹೆಸರಿನಲ್ಲಿ ಬೆಟರ್‌ಮೆಂಟ್ ಲೆವಿಯ ನೋಟೀಸುಗಳು ಮನೆಬಾಗಿಲಿಗೆ ಬಂದವು, ರೈತರು ಎದ್ದು ನಿಂತರು, ಗೋಲಿಬಾರ್ ಆಯಿತು, ನವಲಗುಂದ ನರಗುಂದಗಳಲ್ಲಿ ಜೀವಗಳು ಹೋದವು. ಪ್ರತಿ ವರ್ಷ ಆ ದಿನ ಹುತಾತ್ಮ ರೈತರ ವೀರಗಲ್ಲಿಗೆ ಜನ ಸೇರುತ್ತಾರೆ. ಸರ್ಕಾರದ ಮೊಹರಿದ್ದ ಕಾಗದ ಎಂದರೆ ಕೊಡಬೇಕಾದ್ದು, ಪಡೆಯುವುದಲ್ಲ ಎಂಬ ತಿಳಿವಳಿಕೆ ಇಲ್ಲಿ ಬರಿಯ ಅನುಮಾನವಲ್ಲ, ಅನುಭವ. ಯೋಜನೆಯ ಅರ್ಜಿ ಹಿಡಿದು ಬರುವ ಅಧಿಕಾರಿ ಈ ನೆನಪಿನ ಮೇಲೆ ಕಾಲಿಟ್ಟು ಬರುತ್ತಿದ್ದೇನೆ ಎಂದು ಅರಿತಿದ್ದರೆ ಮಾತಿನ ದನಿ ತಾನಾಗಿ ಬದಲಾಗುತ್ತದೆ.

ಇದಕ್ಕೆ ಎದುರಾದ ನೆನಪೂ ಹತ್ತಿರದಲ್ಲೇ ಇದೆ. ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳ. ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮರುವರ್ಷವೇ, 1905ರಲ್ಲಿ, ತಮ್ಮೂರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನಿಲ್ಲಿಸಿದರು. ರೇಡಿಯೊ ಇಲ್ಲ, ಟೆಲಿಫೋನ್ ಇಲ್ಲ. ದೊರೆಗಳ ಭಾಷೆಯಲ್ಲಿದ್ದ ಕಾನೂನನ್ನು ಊರಿನ ಸಾಲದ ಕಷ್ಟಕ್ಕೆ ಹೊಂದಿಸಿ ಹೇಳಬಲ್ಲ, ಊರವರು ನಂಬುವ ಒಬ್ಬ ಮನುಷ್ಯ ಇದ್ದ. ಇವತ್ತು ಸೊಸೈಟಿಯಲ್ಲಿ ಬಡ್ಡಿ ಇಲ್ಲದೆ ಸಿಗುವ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆ ಸುದ್ದಿ ಗೊತ್ತಿಲ್ಲದೆ ಕೈಸಾಲಕ್ಕೆ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ ಕಟ್ಟುವ ಮನೆಗಳು ಇವೆ ಎಂದರೆ ಕಣಗಿನಹಾಳದಿಂದ ಹೊರಟ ದಾರಿ ಎಲ್ಲೋ ನಡುವೆ ಸವೆದಿದೆ ಎಂದೇ ನನ್ನ ಭಾವನೆ.

ರೇಡಿಯೊದ ಕಾಲ ಒಂದಿತ್ತು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಸಂಜೆಯ ರೈತರ ಕಾರ್ಯಕ್ರಮವನ್ನು ಹೋಟೆಲಿನ ಮುಂದೆ, ಪಡಸಾಲೆಯಲ್ಲಿ ಗುಂಪಾಗಿ ಕುಳಿತು ಕೇಳಿದ ತಲೆಮಾರು ಇನ್ನೂ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಆಯಿತು. ಅದರ ಕೃಷಿ ಮೇಳಕ್ಕೆ ಇಂದಿಗೂ ಕುಂದಗೋಳದ ಕಡೆಯಿಂದ ಬುತ್ತಿ ಕಟ್ಟಿಕೊಂಡು ಟೆಂಪೋಗಳಲ್ಲಿ ಹೋಗುತ್ತಾರೆ. 2009ರಲ್ಲಿ ಭೂಚೇತನ ಬಂದಾಗ ಮೊದಲ ಆರು ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಮಣ್ಣು ಪರೀಕ್ಷೆ ಮಾಡಿ, ನಿಮ್ಮ ನೆಲದಲ್ಲಿ ಸತು ಇಲ್ಲ, ಬೋರಾನ್ ಇಲ್ಲ, ಗಂಧಕ ಇಲ್ಲ, ಎಕರೆಗೆ ಇಷ್ಟಿಷ್ಟು ಹಾಕಿ ಎಂದು ಊರ ಗೋಡೆಗಳ ಮೇಲೆಯೇ ಬರೆದರು. ರೈತ ಅನುವುಗಾರರೆಂದು ಊರಿನ ರೈತರನ್ನೇ ಆರಿಸಿ ತರಬೇತಿ ಕೊಟ್ಟರು. ಗೋಡೆಯ ಬರಹ ಎಂಥ ಒಳ್ಳೆಯ ಉಪಾಯ! ಬಸ್ಸಿಗೆ ಕಾಯುವವರು, ಹಿಟ್ಟಿನ ಗಿರಣಿಗೆ ಹೋಗುವವರು ದಿನಾ ಓದುತ್ತಾರೆ. ಓದು ಬಾರದವರಿಗೆ ಮೊಮ್ಮಕ್ಕಳು ಓದಿ ಹೇಳುತ್ತಾರೆ. ಮೊಬೈಲಿಗೆ ಬಂದ ಸಂದೇಶ ಕೆಳಗೆ ಜಾರಿ ಮರೆಯಾಗುತ್ತದೆ, ಗೋಡೆ ಎಲ್ಲಿಗೂ ಹೋಗುವುದಿಲ್ಲ.

ಕುಂದಗೋಳದ ರೈತ ಸಂಪರ್ಕ ಕೇಂದ್ರದ ಮುಂದೆ ಮಿರಗದ ಹೊತ್ತಿಗೆ ಬೀಜದ ಸರದಿ ನಿಲ್ಲುತ್ತದೆ. ಹೋಬಳಿಗೊಂದರಂತೆ ಈ ಕೇಂದ್ರಗಳು ಬಂದು ಸುಮಾರು ಕಾಲು ಶತಮಾನವಾಯಿತು. ಸೋಯಾ ಬೀಜ, ಹೆಸರಿನ ಬೀಜ, ತಾಡಪತ್ರಿ, ಸ್ಪ್ರಿಂಕ್ಲರ್ ಪೈಪು ಇವುಗಳ ಸುದ್ದಿಗೆ ಯಾರೂ ಡಂಗುರ ಹೊಡೆಯಬೇಕಿಲ್ಲ, ಅದು ಒಬ್ಬರಿಂದೊಬ್ಬರಿಗೆ ತಾನೇ ಹರಿಯುತ್ತದೆ. ಕಣ್ಣಿಗೆ ಕಾಣುವ, ಕೈಯಲ್ಲಿ ಹಿಡಿದು ಮನೆಗೆ ತರುವ ವಸ್ತುವಿನ ಸುದ್ದಿ ಬೇಗ ಹಬ್ಬುತ್ತದೆ. ಕಾಗದದಲ್ಲಿರುವ ಹಕ್ಕಿನ ಸುದ್ದಿ ಹಬ್ಬುವುದಿಲ್ಲ.

ಕಾಗದ ಎಂದರೆ ಇಲ್ಲಿ ಮೊದಲು ಉತಾರ. ಬೆಂಗಳೂರಿನ ಕಡೆ ಪಹಣಿ ಎನ್ನುವುದನ್ನು ಈ ಕಡೆ ಹಾಗೆ ಕರೆಯುತ್ತಾರೆ. ಕುಬಿಹಾಳದಂಥ ಊರಿನಲ್ಲಿ ಯಾವುದಾದರೂ ಮನೆಗೆ ಹೋಗಿ, ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆಸಿ ಉತಾರ ನೋಡಿದರೆ ಅದರಲ್ಲಿ ತೀರಿಹೋದ ಅಜ್ಜನ ಹೆಸರು ಇರುವುದು ಅಪರೂಪವೇನಲ್ಲ. ಅಜ್ಜನಿಗೆ ನಾಲ್ವರು ಗಂಡುಮಕ್ಕಳು, ಅವರಲ್ಲಿ ಇಬ್ಬರು ತೀರಿದ್ದಾರೆ, ಹೆಣ್ಣುಮಕ್ಕಳು ಕೊಟ್ಟ ಊರಲ್ಲಿದ್ದಾರೆ. ಹೊಲ ಬಾಯಿಮಾತಿನಲ್ಲಿ ಹಂಚಿದೆ, ಒಡ್ಡು ಹಾಕಿಕೊಂಡು ಉಳುತ್ತಿದ್ದಾರೆ. ವಾರಸಾ ಹಚ್ಚಿಲ್ಲ. ಜಗಳವಿಲ್ಲದ ಮನೆಯಲ್ಲೂ ಹಚ್ಚಿಲ್ಲ, ಯಾಕೆಂದರೆ ಇಷ್ಟು ದಿನ ಅದರಿಂದ ಯಾವ ಅಡ್ಡಿಯೂ ಬಂದಿರಲಿಲ್ಲ.

ಈಗ ಎಲ್ಲ ಯೋಜನೆಗಳೂ ಒಂದೇ ಬಾಗಿಲಿನಿಂದ ಬರುತ್ತವೆ. ಆ ಬಾಗಿಲ ಹೆಸರು ಫ್ರೂಟ್ಸ್ ತಂತ್ರಾಂಶ, ಅದರ ಕೀಲಿ ಎಫ್‌ಐಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಉತಾರ ತೆಗೆದುಕೊಂಡು ಹೋದರೆ ಒಮ್ಮೆ ನೋಂದಾಯಿಸಿ ಕೊಡುತ್ತಾರೆ. ನಂತರ ಬೀಜ, ವಿಮೆ, ಬೆಂಬಲ ಬೆಲೆಯ ಖರೀದಿ, ಬರ ಪರಿಹಾರ ಎಲ್ಲದಕ್ಕೂ ಅದೇ ಸಂಖ್ಯೆ. 2023ರಲ್ಲಿ ಮಳೆ ಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಮೊದಲ ಕಂತಾಗಿ 2,000 ರೂಪಾಯಿವರೆಗೆ ರಾಜ್ಯ ಕೊಟ್ಟಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಂತು. ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ ಎರಡು ಹೆಕ್ಟೇರಿಗೆ. ಈ ರೊಕ್ಕ ಹೋದದ್ದು ಫ್ರೂಟ್ಸ್‌ನಲ್ಲಿ ಎಷ್ಟು ಹೊಲ ದಾಖಲಾಗಿತ್ತೋ ಅಷ್ಟಕ್ಕೆ. ನಾಲ್ಕು ಎಕರೆ ಇದ್ದು ಎರಡೇ ಎಕರೆಯ ಸರ್ವೆ ನಂಬರು ಸೇರಿಸಿದ್ದರೆ ಎರಡೇ ಎಕರೆಗೆ. ಅಜ್ಜನ ಹೆಸರಿನಲ್ಲಿದ್ದ ಹೊಲಕ್ಕೆ ದಾರಿಯೇ ಇಲ್ಲ; ಅಜ್ಜ ಹೆಬ್ಬೆರಳು ಒತ್ತಲು ಬರುವಂತಿಲ್ಲ. “ಎಲ್ಲಾ ಸರ್ವೆ ನಂಬರ ಸೇರಿಸ್ರಿ” ಎಂದು ಕಂದಾಯ ಇಲಾಖೆ ಆ ಚಳಿಗಾಲವೆಲ್ಲ ಕೇಳಿಕೊಳ್ಳುತ್ತಲೇ ಇತ್ತು. ಬರ ಬಂದ ಮೇಲೆ ಹೇಳಿದ ಆ ಮಾತನ್ನು ಬರುವ ಮೊದಲೇ, ಬೇಸಿಗೆಯ ಬಿಡುವಿನಲ್ಲಿ ಮನೆಮನೆಗೆ ಹೋಗಿ ಹೇಳಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು!

ಉತಾರವೇ ಇಲ್ಲದವರ ಪಾಡು ಇನ್ನೊಂದು. ಲಾವಣಿಗೆ ಹೊಲ ಹಿಡಿದು ದುಡಿಯುವವರು ಈ ಸೀಮೆಯಲ್ಲಿ ಬಹಳ. ಲಾವಣಿ ಬಾಯಿಮಾತಿನದು, ಪತ್ರವಿರುವುದಿಲ್ಲ. ಬೀಜ, ಗೊಬ್ಬರ, ಆಳು ಎಲ್ಲ ಅವರದು. ಬೆಳೆ ಹೋದರೆ ಪರಿಹಾರ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇರುವ ಮಾಲೀಕನ ಖಾತೆಗೆ. ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುವ ಪಿಎಂ-ಕಿಸಾನ್ ಕೂಡ ಉತಾರದ ಹೆಸರಿಗೇ ಬರುತ್ತದೆ. 2019ರ ಫೆಬ್ರುವರಿ 1ರ ಹೊತ್ತಿಗೆ ಯಾರ ಹೆಸರಲ್ಲಿ ಹೊಲವಿತ್ತೋ ಅವರಿಗೆ, ಅಥವಾ ಅವರು ತೀರಿಕೊಂಡು ವಾರಸಾ ಬಂದವರಿಗೆ. ಈ ಒಂದು ಸಾಲು ಗೊತ್ತಿಲ್ಲದೆ ಆಮೇಲೆ ಹೊಲ ಕೊಂಡವರು ಅರ್ಜಿ ಹಿಡಿದು ಅಲೆದದ್ದುಂಟು. ಬಾರದ್ದಕ್ಕೆ ಬಾರದು ಎಂದು ಮೊದಲ ದಿನವೇ ನೇರವಾಗಿ ಹೇಳುವುದೂ ಉಪಕಾರವೇ. ಬಸ್ ಚಾರ್ಜು ಉಳಿಯುತ್ತದೆ, ಒಂದು ದಿನದ ಕೂಲಿ ಉಳಿಯುತ್ತದೆ.

ಮಧ್ಯಾಹ್ನ ಹೊತ್ತು ಇಳಿದ ಮೇಲೆ ಸಂಘದ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಸೇರುತ್ತಾರೆ. ಉಳಿತಾಯದ ಪುಸ್ತಕ, ಠರಾವಿನ ಪುಸ್ತಕ, ಮಧ್ಯೆ ಒಂದು ತಟ್ಟೆಯಲ್ಲಿ ಹುರಿದ ಶೇಂಗಾ. ಕೃಷಿ ಸಖಿ ಬಂದಿದ್ದಾಳೆ. ಇವಳು ಹೊರಗಿನವಳಲ್ಲ; ಈ ಸೀಮೆಯ ಸೊಸೆ, ಸಂಜೀವಿನಿ ಒಕ್ಕೂಟದಿಂದ ತರಬೇತಿ ಪಡೆದವಳು. ಇವಳು ಮಾತು ಶುರುಮಾಡುವುದು ಯೋಜನೆಯ ಹೆಸರಿನಿಂದಲ್ಲ.

“ಯಕ್ಕಾ, ನಿಮ್ಮ ಮನ್ಯಾಗ ಪಿಎಂ ಕಿಸಾನ್ ರೊಕ್ಕ ಬರ್ತಿತ್ತಲ್ಲಾ, ಈ ಸಲಾ ಬಂತಿಲ್ಲೋ?”

“ಇಲ್ಲವಾ. ಎರಡು ಸಲಾ ಆತು ನಿಂತು. ಹೆಬ್ಬಟ್ಟು ತಗೊಳ್ಳವಲ್ದಂತ ಮಷೀನು.”

ಮೆಣಸಿನಕಾಯಿ ಬಿಡಿಸಿ, ಕಸ ತೆಗೆದು, ಬೂದಿಯಲ್ಲಿ ಪಾತ್ರೆ ತಿಕ್ಕಿದ ಕೈ. ಬೆರಳಿನ ಗೆರೆ ಸವೆದು ನುಣುಪಾಗಿದೆ. ಇ-ಕೆವೈಸಿ ಆಗಿಲ್ಲ, ಕಂತು ನಿಂತಿದೆ. ಕೃಷಿ ಸಖಿ ತನ್ನ ಫೋನು ತೆಗೆದು ಆ್ಯಪಿನಲ್ಲಿ ಆಕೆಯ ಮುಖ ಹಿಡಿಯುತ್ತಾಳೆ. 2023ರ ಜೂನ್‌ನಿಂದ ಮುಖ ತೋರಿಸಿಯೂ ಇ-ಕೆವೈಸಿ ಮಾಡಿಸಬಹುದು. ಸೆರಗು ಸರಿಮಾಡಿಕೊಂಡು, ಬೆಳಕಿಗೆ ತಿರುಗಿ, ಎರಡು ಸಲ ಕಣ್ಣು ಮಿಟುಕಿಸಿದ ಮೇಲೆ ಹಸಿರು ಗುರುತು ಬೀಳುತ್ತದೆ. ಪಕ್ಕದಲ್ಲಿದ್ದವರೆಲ್ಲ “ನಂದೂ ನೋಡವಾ” ಎಂದು ಆಧಾರ್ ತರಲು ಏಳುತ್ತಾರೆ. ಗಾಡಿಯ ಮೈಕಿನಿಂದ ಸಿಗದ್ದು ಈ ಪಡಸಾಲೆಯಲ್ಲಿ ಅರ್ಧ ಗಂಟೆಯಲ್ಲಿ ಸಿಕ್ಕಿತು. ಮಾತು ಅಲ್ಲಿಂದ ಯಶಸ್ವಿನಿಗೆ ಹೊರಳುತ್ತದೆ. ಸೊಸೈಟಿಯ ಸದಸ್ಯರಿಗೆ 2003ರಲ್ಲಿ ಬಂದಿದ್ದ ಆ ಆರೋಗ್ಯ ಯೋಜನೆ 2018ರಲ್ಲಿ ನಿಂತಿತ್ತು, 2023ರ ಜನವರಿಯಿಂದ ಮತ್ತೆ ನಡೆದಿದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಸಂಘದ ಸದಸ್ಯರಾಗಿದ್ದು ಹೊಸದಾಗಿ ಶುರುವಾದದ್ದೇ ತಿಳಿಯದವರು ಆ ಪಡಸಾಲೆಯಲ್ಲೇ ಇದ್ದರು.

ಹೆಂಗಸರ ಈ ಕೂಟಕ್ಕೆ ಬೆಳೆ ವಿಮೆಯ ಮಾತು ಬರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಉತಾರದಲ್ಲಿ ಹೆಸರು ಗಂಡನದೋ ಮಾವನದೋ ಇರಬಹುದು. ಬಿತ್ತುವಾಗ ಉಡಿಯಲ್ಲಿ ಬೀಜ ಹೊತ್ತವಳು, ಕಸ ತೆಗೆದವಳು, ಮೆಣಸಿನಕಾಯಿ ಬಿಡಿಸಿದವಳು ಇವಳು. ಯಾವ ಮೂಲೆಯಲ್ಲಿ ನೀರು ನಿಂತಿತು, ಯಾವ ಸಾಲಿಗೆ ಮುಟುರು ರೋಗ ಬಂತು ಎಂಬುದು ಇವಳಿಗೆ ಮೊದಲು ಗೊತ್ತಾಗುತ್ತದೆ. 72 ಗಂಟೆಯ ಲೆಕ್ಕ ಯಾರಿಗೆ ತಿಳಿದಿದ್ದರೆ ಹೆಚ್ಚು ಉಪಯೋಗ ಎಂದು ಬೇರೆ ಹೇಳಬೇಕಿಲ್ಲ.

ಎಲ್ಲವನ್ನೂ ಮಳೆಯ ಲೆಕ್ಕಕ್ಕೆ ಹಚ್ಚಿ ಊರ ಗೋಡೆಯ ಮೇಲೆ ಬರೆಯಬಹುದು. ರೋಹಿಣಿಯೊಳಗೆ ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರು ಇವೆಯೇ ನೋಡಿ; ವಾರಸಾ ಹಚ್ಚದಿದ್ದರೆ ಬೇಸಿಗೆಯಲ್ಲೇ ಹಚ್ಚಿ. ಮಿರಗಕ್ಕೆ ಬೀಜ. ಆರಿದ್ರದಲ್ಲಿ ಹೆಸರಿನ ವಿಮೆ, ಪುನರ್ವಸು ದಾಟುವುದರೊಳಗೆ ಉಳಿದ ಮುಂಗಾರಿಯ ವಿಮೆ. ಪುಷ್ಯದ ಕೊನೆಯ ಪಾದಕ್ಕೆ ಕಾಯಬೇಡಿ, ಆಗ ಕಂಪ್ಯೂಟರಿನ ಮುಂದೆ ನೂರು ಜನ ಇರುತ್ತಾರೆ. ಆಶ್ಲೇಷದಲ್ಲಿ ಬೆಳೆ ಸಮೀಕ್ಷೆ ಸರಿಯಾಗಿದೆಯೇ ನೋಡಿ. ಮಘಾ ಹುಬ್ಬಿಯಲ್ಲಿ ಹೆಸರು ಒಕ್ಕುವಾಗ ಬೆಂಬಲ ಬೆಲೆಯ ಖರೀದಿ ಕೇಂದ್ರ ಯಾವಾಗ ಎಂದು ಸೊಸೈಟಿಯಲ್ಲಿ ಕೇಳಿ, ದಲಾಲಿಗೆ ಕೊಡುವ ಮೊದಲು. ಹಸ್ತ ಚಿತ್ತಿಯಲ್ಲಿ ಕಡಲೆ ಬಿತ್ತಿದರೆ ಹಿಂಗಾರಿಯ ವಿಮೆ. ಕೆಳಗೆ ಒಂದೇ ಒಂದು ಫೋನ್ ಸಂಖ್ಯೆ ಸಾಕು, ಕಿಸಾನ್ ಕಾಲ್ ಸೆಂಟರಿನದು: 1800-180-1551. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಮಾತಾಡುತ್ತಾರೆ. ಇದಕ್ಕೆ ಬೇಕಾದ್ದು ಎರಡು ಡಬ್ಬಿ ಬಣ್ಣ, ಪ್ರತಿ ವರ್ಷ ತಾರೀಖು ತಿದ್ದುವ ಒಬ್ಬ ಹುಡುಗ.

ಕೃಷಿ ಹೊಂಡದ ಮಾತನ್ನು ಮಾತ್ರ ಗೋಡೆ ಹೇಳಲಾರದು, ಹೊಂಡವೇ ಹೇಳಬೇಕು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ನಡುವೆ ನಿಂತು ಮತ್ತೆ ಬಂದಿದೆ. ಸಾಮಾನ್ಯ ವರ್ಗದವರಿಗೆ ನೂರಕ್ಕೆ 80, ಪರಿಶಿಷ್ಟರಿಗೆ 90 ಸಹಾಯಧನ. ಮಳೆ ಮೂರು ವಾರ ಕೈಕೊಟ್ಟ ವರ್ಷ ಹೊಂಡದ ನೀರು ಹಾಯಿಸಿ ಮೆಣಸಿನಗಿಡ ಉಳಿಸಿಕೊಂಡವನ ಹೊಲದ ಒಡ್ಡಿನ ಮೇಲೆ ಊರವರನ್ನು ಒಮ್ಮೆ ಕೂರಿಸಿದರೆ ಸಾಕು, ಭಾಷಣ ಬೇಡ. ಎರೆಮಣ್ಣಿನಲ್ಲಿ ನೀರು ಹೇಗೆ ನಿಲ್ಲುತ್ತದೆ, ಹೂಳು ಎಷ್ಟು ಬರುತ್ತದೆ, ತನ್ನ ಪಾಲಿನ ದುಡ್ಡು ಎಲ್ಲಿಂದ ತಂದ, ಸಹಾಯಧನ ಎಷ್ಟು ತಿಂಗಳಿಗೆ ಬಂತು, ದನಕರು ಮಕ್ಕಳು ಬೀಳದಂತೆ ಬೇಲಿಗೆ ಏನು ಮಾಡಿದ ಎಂದು ಅವರೇ ಕೇಳುತ್ತಾರೆ, ಅವನೇ ಹೇಳುತ್ತಾನೆ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಎಂಬುದು ಕಾನೂನು. ಸಭೆಯಲ್ಲಿ ಇಲಾಖೆಗೊಬ್ಬರಂತೆ ಅಧಿಕಾರಿಗಳು ಎದ್ದು ತಮ್ಮ ಯೋಜನೆಗಳ ಪಟ್ಟಿ ಓದುತ್ತಾರೆ. ಜನ ಕೇಳುತ್ತಾರೆ, ಚಹಾ ಬರುತ್ತದೆ. ಸಭೆಗೆ ಜೀವ ಬರುವುದು ಯಾರಾದರೊಬ್ಬರು ಎದ್ದು ತಮ್ಮ ಮನೆಯ ಲೆಕ್ಕ ತೆಗೆದಾಗ. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಏಳುತ್ತಾಳೆ, ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲ.

“ಯಪ್ಪಾ, ನನ್ನ ಗಂಡ ತೀರಿಕೊಂಡು ಆರು ವರ್ಷಾತು. ಹೊಲಾ ಇನ್ನೂ ಅವನ ಹೆಸರಿಲೇ ಐತಿ. ನನಗ ಯಾವುದರ ರೊಕ್ಕಾ ಬರಾಂಗಿಲ್ಲ. ನಾ ಯಾರ ಹಂತ್ಯಾಕ ಹೋಗ್ಲಿ?”

ಯುವ ಕೃಷಿ ಅಧಿಕಾರಿ ಪಟ್ಟಿಯನ್ನು ಮಡಚಿಟ್ಟು ವೇದಿಕೆಯಿಂದ ಇಳಿದು ಆಕೆಯ ಹತ್ತಿರ ಬರುತ್ತಾನೆ. ಉತಾರ ಬಿಡಿಸಿ ನೋಡುತ್ತಾನೆ. ಪಕ್ಕದಲ್ಲಿದ್ದ ತಲಾಟಿಯನ್ನು ಕರೆಯುತ್ತಾನೆ.

“ಅಮ್ಮಾರ, ನಿಮ್ಮ ಯಜಮಾನ್ರ ಮರಣದ ದಾಖಲೆ ಐತೇನ್ರಿ? ಮಕ್ಕಳೆಷ್ಟು?”

“ಮೂರು ಮಂದಿ. ಹೆಣ್ಣೊಂದು, ಗಂಡೆರಡು.”

“ಹಂಗಾದ್ರ ಮೊದಲು ವಂಶಾವಳಿ ಮಾಡಿಸೋಣ್ರಿ. ಇವರ ಬರ್ಕೊಡ್ತಾರ. ಮಗಳ ಹೆಸರನ್ನೂ ಬರಸ್ಬೇಕು, ಬಿಡಬ್ಯಾಡ್ರಿ. ಆಮ್ಯಾಲ ವಾರಸಾ ಅರ್ಜಿ ನಾಡಕಚೇರಿಗೆ. ಹೊಸಾ ಉತಾರ ಬಂದ ದಿನಾ ಆಧಾರ, ಪಾಸ್‌ಬುಕ್ ತಗೊಂಡು ನನ್ನ ಹಂತ್ಯಾಕ ಬರ್ರಿ, ಎಫ್‌ಐಡಿ ನಾ ಮಾಡಿಸ್ತೀನಿ. ಮೂರರಾಗೂ ಹೆಸರು ಒಂದ ನಮೂನಿ ಇರ್ಬೇಕು ನೋಡ್ರಿ. ಆಧಾರದಾಗ ನಿಮ್ಮ ಹೆಸರು ಹೆಂಗ ಐತಿ, ತೋರಿಸ್ರಿ.”

ಆಕೆ ಚೀಲದೊಳಗೆ ಕೈಹಾಕಿ ಆಧಾರ್ ಹುಡುಕುತ್ತಾಳೆ. ಹಿಂದಿನ ಸಾಲಿನಲ್ಲಿ ಇನ್ನೂ ನಾಲ್ಕು ಜನ ಎದ್ದು ನಿಂತಿದ್ದಾರೆ.